ಅವ್ವ ಕಟ್ಟಿಕೊಟ್ಟ ಪಲ್ಯ, ಮಗಳ ತಟ್ಟೆ

(ಸುವರ್ಣ ಮಹೋತ್ಸವದ ಅಂಗವಾಗಿ ನಮ್ಮ ಪ್ರೌಢಶಾಲೆಯಲ್ಲಿ ನಡೆದ ಪೋಷಕರು ಮತ್ತು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ, ಕೆಲಸ ಹುಡುಕೋ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ನಮ್ಮ ಬ್ಯಾಚಿನಲ್ಲೇ ಮೂರು ಜನ ಇದ್ದಾರೆ. ನಾನು ತರಕಾರಿ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸಾವಯವ ಕೃಷಿನಾ?" ಎಂದರು. ಅಲ್ಲ ಸಾರ್, ಮಕ್ಕಳು ತರಕಾರಿ ತಿನ್ನಲ್ಲ ಅಂತಾವಲ್ಲ, ಅದರ ಬಗ್ಗೆ ಎಂದೆ. ಅವರ ಮನೆಯಲ್ಲೂ ಅಂಥ ಮೊಮ್ಮಗ ಒಬ್ಬ ಇದ್ದಾನಂತೆ. ತಕ್ಷಣ ಒಪ್ಪಿಬಿಟ್ಟರು.

ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಇಲ್ಲಿ ಎಂಟನೇ ತರಗತಿಗೆ ಸೇರಿದ್ದು 2005ರಲ್ಲಿ. ಆಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ. ಮೂರು ಕಿಲೋಮೀಟರ್ ನಡೆದು ಬರುತ್ತಿದ್ದ ನಮಗೆ ಡಬ್ಬಿಯೇ ಗತಿ. ನಮ್ಮವ್ವ ಕೂಲಿಗೆ ಹೋಗಿ ಬರುವಾಗ ಹೊಲದ ಬದುಗಳಲ್ಲಿ ಸಿಕ್ಕ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ರಾತ್ರಿ ಸೋಸಿಟ್ಟು, ಬೆಳಗ್ಗೆ ಐದಕ್ಕೆ ಎದ್ದು ಪಲ್ಯ ಮಾಡಿ, ಅನ್ನದ ಪಕ್ಕ ಒತ್ತಿ ಕಟ್ಟಿಕೊಡುತ್ತಿದ್ದಳು. ನಾನು ಅನ್ನ ಮಾತ್ರ ತಿಂದು, ಪಲ್ಯವನ್ನು ಕೊಠಡಿಗಳ ಹಿಂದಿನ ಹೊಂಗೆ ಮರದ ಬುಡದಲ್ಲಿ ಕಡ್ಡಿಯಿಂದ ಗುಂಡಿ ತೋಡಿ ಮುಚ್ಚುತ್ತಿದ್ದೆ. ಒಂದು ದಿನ ಎರಡು ದಿನ ಅಲ್ಲ, ಎರಡು ವರ್ಷ. ಈಗ ಬರುವಾಗ ನೋಡಿದೆ, ಮರ ಇಬ್ಬರು ತಬ್ಬುವಷ್ಟು ದಪ್ಪ ಆಗಿದೆ. ಅದರಲ್ಲಿ ನಮ್ಮವ್ವನ ಪಾಲೂ ಇದೆ.

ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಮಾರನೆಯ ದಿನದಿಂದ ತಮ್ಮ ಡಬ್ಬಿ ಹಿಡಿದುಕೊಂಡು ಬಂದು ನಮ್ಮ ಗುಂಪಿನಲ್ಲೇ ಕುಳಿತು ಉಣ್ಣತೊಡಗಿದರು. ಅವರದ್ದು ಯಾವಾಗಲೂ ಹಾಗಲಕಾಯಿ ಗೊಜ್ಜು. ಚಪ್ಪರಿಸಿಕೊಂಡು ತಿನ್ನುತ್ತಿದ್ದರು, ಕೇಳಿದವರಿಗೆ ಕೊಡುತ್ತಿದ್ದರು, ನನಗೆ ಮಾತ್ರ ಬೇಕಾ ಎಂದೂ ಕೇಳಲಿಲ್ಲ. ಹದಿನೈದು ದಿನ ಆದ ಮೇಲೆ ನಾನೇ ಕೈ ಚಾಚಿದೆ. ಕಹಿ ಅಂದರೆ ಕಹಿ. ಮೇಷ್ಟ್ರ ಡಬ್ಬಿಯದಲ್ಲವೇ, ನುಂಗಿದೆ. ಅವತ್ತಿನಿಂದ ನಾನು ಬದಲಾದೆ ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಸೊಪ್ಪು ಗುಂಡಿಗೆ ಬೀಳುವುದು ನಿಲ್ಲಲಿಲ್ಲ. ನಾವು ಹತ್ತನೇ ತರಗತಿಗೆ ಬಂದಾಗ, 2007-08ರಲ್ಲಿ, ಹೈಸ್ಕೂಲಿಗೂ ಬಿಸಿಯೂಟ ಬಂತು. ಆಗ ಸಾಂಬಾರಿನ ಹೋಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಎದ್ದು ಹೋಗುತ್ತಿದ್ದೆವು. ಕಾಗೆಗಳು ಚೆನ್ನಾಗಿ ಬೆಳೆದವು.

ಇಂಥವನಿಗೆ ದೇವರು ಒಬ್ಬ ಮಗಳನ್ನು ಕೊಟ್ಟ. ಈಗ ಅವಳಿಗೆ ನಾಲ್ಕೂವರೆ ವರ್ಷ.

ಎರಡು ವರ್ಷದವರೆಗೆ ಏನು ಕೊಟ್ಟರೂ ತಿನ್ನುತ್ತಿದ್ದ ಮಗು ಆಮೇಲೆ ಒಂದೊಂದಾಗಿ ಬಿಡುತ್ತಾ ಬಂತು. ಕ್ಯಾರೆಟ್ ಹೋಯಿತು, ಕುಂಬಳ ಹೋಯಿತು, ಸಾರಿನಲ್ಲಿ ಕೊತ್ತಂಬರಿ ಎಲೆ ತೇಲಿದರೂ ತಟ್ಟೆ ದೂರ. ಉಳಿದದ್ದು ಮೊಸರನ್ನ, ಆಲೂಗಡ್ಡೆ, ಬಿಸ್ಕತ್ತು, ಹಾಲು. ನಾನೂ ನನ್ನ ಹೆಂಡತಿಯೂ ಇಬ್ಬರೂ ಕೆಲಸಕ್ಕೆ ಹೋಗುವವರು. ರಾತ್ರಿ ಎಂಟಕ್ಕೆ ಮನೆ ಸೇರಿ, ಮೊಬೈಲ್ ಹಾಕಿ, ಅವಳು ಬಾಯಿ ತೆರೆದಾಗ ಚಮಚ ತೂರಿಸುವುದು. "ಎರಡು ತುತ್ತು ಪಲ್ಯ ತಿಂದರೆ ಚಾಕೊಲೇಟ್" ಎಂದು ಆಸೆ ತೋರಿಸುವುದು. ಒಮ್ಮೆ ಕೈ ಹಿಡಿದು ಬಾಯಿಗೆ ತುರುಕಿದ್ದೂ ಇದೆ. ಅವಳು ಅಲ್ಲೇ ಕಕ್ಕಿಕೊಂಡಳು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತದೆಯೇ? ಕ್ಯಾರೆಟ್, ಬೀಟ್‌ರೂಟ್ ರುಬ್ಬಿ ದೋಸೆ ಹಿಟ್ಟಿಗೆ ಬೆರೆಸಿದೆ. ನಾಲ್ಕು ದಿನ ಗೆದ್ದೆ. ಐದನೆಯ ದಿನ ಮಿಕ್ಸಿ ಪಕ್ಕದಲ್ಲಿದ್ದ ಬೀಟ್‌ರೂಟ್ ಸಿಪ್ಪೆ ನೋಡಿದವಳು ದೋಸೆಯನ್ನೇ ಬಿಟ್ಟಳು. ಬಚ್ಚಿಟ್ಟು ತಿನ್ನಿಸುವುದು ತಪ್ಪು ಎಂದು ನಾನು ಹೇಳುವುದಿಲ್ಲ, ಆದರೆ ಸಿಕ್ಕಿಬಿದ್ದರೆ ಇದ್ದದ್ದೂ ಹೋಗುತ್ತದೆ. ಅಲ್ಲದೆ ಗೊತ್ತಿಲ್ಲದೆ ತಿಂದ ಬೀಟ್‌ರೂಟಿನ ರುಚಿ ಮಗುವಿಗೆ ಪರಿಚಯ ಆಗುವುದಾದರೂ ಹೇಗೆ?

ಕಳೆದ ಮಳೆಗಾಲದಲ್ಲಿ ಜ್ವರಕ್ಕೆಂದು ಡಾಕ್ಟರ ಬಳಿ ಹೋದಾಗ ರಕ್ತಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 9.4. ಈ ವಯಸ್ಸಿನ ಮಕ್ಕಳಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಾರಿನಲ್ಲಿ ಬಂದು ಹೋಗುವವನ ಮಗಳಿಗೆ ರಕ್ತಹೀನತೆ! ನಾಚಿಕೆಯಾಯಿತು. ಆದರೆ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019ರಲ್ಲಿ ಕರ್ನಾಟಕದಲ್ಲಿ ನೋಡಿದಾಗ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತ ಕಡಿಮೆ ಇತ್ತು.

ಡಾಕ್ಟರು ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟರು. ಆಮೇಲೆ ತರಕಾರಿ ಬಗ್ಗೆ ಕೇಳುತ್ತಾರೆ ಎಂದುಕೊಂಡರೆ, "ಹಾಲು ಎಷ್ಟು ಕುಡೀತಾಳೆ?" ಎಂದರು. ದೊಡ್ಡ ಲೋಟದಲ್ಲಿ ನಾಲ್ಕು ಸಲ ಎಂದು ಹೆಮ್ಮೆಯಿಂದ ಹೇಳಿದೆವು. "ಹಂಗಾದ್ರೆ ಹಸಿವು ಎಲ್ಲಿಂದ ಬರ್ಬೇಕು?" ಎಂದರು. ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿಸಿ ಊಟವನ್ನು ಬೇರೆ ಹೊರಗೆ ನಿಲ್ಲಿಸುತ್ತದೆ. ನಡುನಡುವೆ ಬಿಸ್ಕತ್ತು. ನಾವು ಮಗಳಿಗೆ ತರಕಾರಿ ಇಷ್ಟವಿಲ್ಲ ಎಂದುಕೊಂಡಿದ್ದೆವು. ಅರ್ಧ ವಿಷಯ ಏನೆಂದರೆ ಅವಳಿಗೆ ಹಸಿವೇ ಇರಲಿಲ್ಲ.

ಮಗುವಿನ ಪರಿಸ್ಥಿತಿ ಕೇಳಿ ಅವ್ವ ಊರಿನಿಂದ ಬಂದಳು. ಒಂದು ರಾತ್ರಿ ಊಟದ ಹೊತ್ತಿಗೆ ಮಗಳು ತಟ್ಟೆ ನೂಕಿದಾಗ ನನಗೆ ತಡೆಯಲಾಗಲಿಲ್ಲ. ಹೊಂಗೆ ಮರದ ವಿಷಯವನ್ನು ಅವ್ವನಿಗೆ ಹೇಳಿಬಿಟ್ಟೆ. ಹದಿನೇಳು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು. ಅವಳು ನಕ್ಕಳು.

"ಅಯ್ಯೋ, ನಂಗೊತ್ತಿರ್ಲಿಲ್ವಾ? ಪಲ್ಯ ತಿಂದೋನ್ ಡಬ್ಬಿ ಮೂಲೇಲಿ ಒಂದು ಸಾಸಿವೆ ಆದ್ರೂ ಇರ್ತದೆ. ನಿನ್ ಡಬ್ಬೀಲಿ ಮಣ್ಣಿರ್ತಿತ್ತು."

"ಮತ್ಯಾಕವ್ವ ದಿನಾ ಕಟ್ಕೊಡ್ತಿದ್ದೆ?"

"ಇಕ್ಕೋದು ನನ್ ಕೆಲ್ಸ. ತಿನ್ನೋದು ಬಿಡೋದು ನಿನ್ ಹೊಟ್ಟೆಗ್ ಬಿಟ್ಟಿದ್ದು. ಇವತ್ ತಿನ್ಲಿಲ್ಲ ಅಂತ ನಾಳೆ ಇಕ್ಕದೆ ಇರಕ್ಕಾಯ್ತದಾ?"

ನಾನು ಸೊಪ್ಪು ತಿನ್ನಲು ಶುರು ಮಾಡಿದ್ದು ಬಿ.ಇ. ಓದುವಾಗ, ಹಾಸ್ಟೆಲಿನ ನೀರು ಸಾರು ಉಂಡು ಉಂಡು ಒಂದು ದಿನ ಮಸ್ಸೊಪ್ಪಿನ ವಾಸನೆ ನೆನಪಾಗಿ ಅಳು ಬಂದಾಗ. ಆ ವಾಸನೆ ನನ್ನೊಳಗೆ ಇತ್ತಲ್ಲ, ಅದು ಗುಂಡಿಗೆ ಹಾಕಿದ ಸೊಪ್ಪಿನದೇ.

ಆಮೇಲೆ ನಾನು ಈ ವಿಷಯ ಓದತೊಡಗಿದೆ. ಅಮೆರಿಕದಲ್ಲಿ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಇದ್ದಾರೆ. ಏನು ಕೊಡಬೇಕು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಜವಾಬ್ದಾರಿ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನದು ಎನ್ನುತ್ತಾರೆ ಅವರು. ನಮ್ಮವ್ವ ಹೆಬ್ಬೆಟ್ಟು ಒತ್ತುವವಳು. ಇಬ್ಬರೂ ಹೇಳಿದ್ದು ಒಂದೇ.

ಲೀನ್ ಬರ್ಚ್ ಎಂಬ ಇನ್ನೊಬ್ಬ ಸಂಶೋಧಕಿ ಪುಟ್ಟ ಮಕ್ಕಳ ಊಟದ ಮೇಲೆಯೇ ದಶಕಗಳ ಕಾಲ ಕೆಲಸ ಮಾಡಿದವರು. ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ರುಚಿ ಅಂದರೆ ಒಂದು ಬಗೆಯ ಭಯ. ನಡೆಯಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕದಿರಲಿ ಎಂದು ಪ್ರಕೃತಿಯೇ ಇಟ್ಟ ಕಾವಲು ಎನ್ನುತ್ತಾರೆ. ಕಹಿಯಂತೂ ನಮಗಿಂತ ಅವರ ನಾಲಿಗೆಗೆ ಹೆಚ್ಚು ತಾಗುತ್ತದೆ. ಒಂದೇ ತರಕಾರಿಯನ್ನು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ರುಚಿ ನೋಡಿದ ಮೇಲೆ ಒಗ್ಗುತ್ತದೆ. ನಾವು ಮೂರನೇ ಸಲಕ್ಕೇ "ನಮ್ ಮಗೂಗೆ ಬೀನ್ಸ್ ಆಗಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ, ಅದೂ ಮಗುವಿನ ಮುಂದೆಯೇ. ಬಹುಮಾನದ ಆಸೆ ಹಚ್ಚಿ ತಿನ್ನಿಸಿದರೆ ಆ ಪದಾರ್ಥ ಮಕ್ಕಳಿಗೆ ಇನ್ನೂ ಬೇಡವಾಗುತ್ತದೆ ಎಂದೂ ಅವರು ತೋರಿಸಿದ್ದಾರೆ. ಯೋಚಿಸಿದರೆ ಸರಿಯೇ. ಚಾಕೊಲೇಟ್ ಲಂಚ ಕೊಡಬೇಕಾದರೆ ಪಲ್ಯ ಎಷ್ಟು ಕೆಟ್ಟದ್ದಿರಬೇಕು ಎಂದು ಮಗು ಲೆಕ್ಕ ಹಾಕುತ್ತದೆ. ಬರ್ಚ್ ಮತ್ತು ಅವರ ಜೊತೆಗಾರರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮಕ್ಕಳಿಗೆ ಕುಂಬಳದ ಸೂಪು, ಜೋಳದ ಸೂಪು ಕೊಟ್ಟು, ಒಂದಕ್ಕೆ ಮಾತ್ರ "ಮುಗಿಸು, ಮುಗಿಸು" ಎಂದು ಹೇಳುತ್ತಾ ಹೋದರು. ಮಕ್ಕಳು ಹೆಚ್ಚು ಕುಡಿದದ್ದು ಯಾರೂ ಒತ್ತಾಯ ಮಾಡದ ಸೂಪನ್ನು.

ನಮ್ಮ ಮನೆಯಲ್ಲಿ ಅವ್ವ ಮಾಡಿದ ಮೊದಲ ಕೆಲಸ, ಎಲ್ಲರನ್ನೂ ಚಾಪೆ ಮೇಲೆ ಕೂರಿಸಿದ್ದು. ಎಲ್ಲರಿಗೂ ಒಂದೇ ಅಡುಗೆ. ಮಗಳಿಗೆಂದು ಬೇರೆ ಮಾಡುವುದು ನಿಂತಿತು, ಆದರೆ ಅವಳು ತಿನ್ನುವ ಮೊಸರನ್ನ ಪಂಕ್ತಿಯಲ್ಲಿ ಇದ್ದೇ ಇರುತ್ತಿತ್ತು. ಮೊಬೈಲ್ ಬೀರುವಿನೊಳಗೆ. ಹಾಲು ಎರಡು ಲೋಟಕ್ಕಿಳಿಯಿತು. ಊಟಕ್ಕೆ ಎರಡು ಗಂಟೆ ಮೊದಲು ಏನೂ ಇಲ್ಲ. ಮೊದಲ ವಾರ ಮನೆಯಲ್ಲಿ ದೊಡ್ಡ ಗಲಾಟೆ, ನನ್ನ ಹೆಂಡತಿ ಎರಡು ಸಲ ಅತ್ತಳು, ನಾನು ಒಂದು ಸಲ ಗುಟ್ಟಾಗಿ ಬಿಸ್ಕತ್ತು ಕೊಟ್ಟೆ.

ಆಗ ಅವರೆಕಾಯಿ ಕಾಲ. ಅವ್ವ ಪೇಪರ್ ಹಾಸಿ ಕಾಯಿ ಸುರಿದಳು. ಮಗಳು ಬಂದು ಸುಲಿಯಲು ಕುಳಿತಳು. ನೆನೆಸಿದ ಕಾಳನ್ನು ಹಿತುಕುವುದು ಅವಳಿಗೆ ಎಲ್ಲಿಲ್ಲದ ಆಟ. ಬೇಳೆ ಚಿಮ್ಮಿ ಟಿ.ವಿ.ಗೆ ಬಡಿಯಬೇಕು, ಅವಳು ನಗಬೇಕು. ಸಂಜೆ ಸಾರು ಬಡಿಸಿದಾಗ, "ಇದು ನಾನ್ ಮಾಡಿದ್ದು" ಎಂದು ಒಂದು ಬೇಳೆ ಬಾಯಿಗಿಟ್ಟಳು. ಅವರೆ ಕಾಳೋ ತರಕಾರಿಯೋ ಎಂದು ಯಾರೂ ವಾದ ಮಾಡಬೇಡಿ; ನಮಗೆ ಅವತ್ತು ಹಬ್ಬ. ನಾನು "ಭೇಷ್" ಎಂದು ಚಪ್ಪಾಳೆ ತಟ್ಟಲು ಹೋದೆ. ಅವ್ವ ಕಣ್ಣಲ್ಲೇ ಸುಮ್ಮನಿರು ಎಂದಳು.

ಆಮೇಲೆ ದಂಟಿನ ಸೊಪ್ಪು ಬಿಡಿಸುವುದು, ನುಗ್ಗೆಸೊಪ್ಪಿನ ಕಡ್ಡಿಯಿಂದ ಎಲೆ ಸೆಳೆಯುವುದು, ಕೋಸಂಬರಿಗೆ ನಿಂಬೆಹಣ್ಣು ಹಿಂಡುವುದು ಅವಳ ಕೆಲಸಗಳಾದವು. ಈ ನಿಂಬೆಹಣ್ಣಿನ ಮಾತು ಬಂತು ಅಂತ ಹೇಳುತ್ತೇನೆ: ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಹುಳಿ ಹಣ್ಣಿನ ಸಿ ಜೀವಸತ್ವ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಟೀ, ಕಾಫಿ ಕುಡಿದರೆ ಅದೂ ಹೋಗುತ್ತದೆ. ಹಾಗೆಂದು ಬರೀ ಸೊಪ್ಪು ತಿನ್ನಿಸಿ ರಕ್ತ ತುಂಬಿಸುತ್ತೇವೆ ಎಂದು ಡಾಕ್ಟರು ಕೊಟ್ಟ ಔಷಧಿ ಬಿಡಬೇಡಿ. ನನ್ನ ಮಗಳಿಗೆ ನಾಲ್ಕು ತಿಂಗಳ ಮೇಲೆ 11.3 ಬಂದದ್ದರಲ್ಲಿ ಸಿರಪ್ಪಿನ ಪಾಲೇ ಹೆಚ್ಚು. ಮತ್ತೆ, ಮಗು ತೂಕ ಇಳಿಯುತ್ತಿದ್ದರೆ, ನಾಲ್ಕೈದು ಪದಾರ್ಥ ಬಿಟ್ಟು ಬೇರೇನೂ ಮುಟ್ಟದಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಅದು ಹಟವಲ್ಲ, ತಡಮಾಡದೆ ತೋರಿಸಿ.

ನಾನು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಇಟ್ಟಿದ್ದೇನೆ, ನಗಬೇಡಿ. ಹುರುಳಿಕಾಯಿ ಹದಿನಾಲ್ಕನೇ ಸಲಕ್ಕೆ ಒಳಗೆ ಹೋಯಿತು. ಕ್ಯಾರೆಟ್ ಆರನೇ ಸಲಕ್ಕೇ. ಹೀರೇಕಾಯಿ ಇಪ್ಪತ್ತೆರಡಾದರೂ ಇನ್ನೂ ಹೊಸಿಲ ಆಚೆಯೇ ನಿಂತಿದೆ. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ತರಕಾರಿ, ಹಣ್ಣು ಸೇರಿ ಕನಿಷ್ಠ 250 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನ ಮಗಳು ಅಲ್ಲಿಗೆ ಮುಟ್ಟಿಲ್ಲ. ಆದರೆ ತಟ್ಟೆ ನೂಕುವುದು ನಿಂತಿದೆ. ಬೇಡದ್ದನ್ನು ಅಂಚಿಗಿಟ್ಟು ಉಳಿದದ್ದು ಉಣ್ಣುತ್ತಾಳೆ. ಅವಳಪ್ಪ ಬಿಸಿಯೂಟದಲ್ಲಿ ಮಾಡುತ್ತಿದ್ದಂತೆಯೇ.

ಈಗ ಊರಿನವರಿಗೆ ಒಂದು ಮಾತು. ಬೇಸರ ಮಾಡಿಕೊಳ್ಳಬೇಡಿ. ಪೇಟೆ ಮಕ್ಕಳಷ್ಟೇ ಹೀಗೆ ಎಂದು ನಾನೂ ತಿಳಿದಿದ್ದೆ. ನಿನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ, ಟೆಂಪೋಗೆ ಬೀನ್ಸ್ ಮೂಟೆ, ಟೊಮೆಟೊ ಕ್ರೇಟು ತುಂಬುತ್ತಿದ್ದರು. ಪಕ್ಕದಲ್ಲೇ ಆ ಮನೆಯ ಮಗು ಐದು ರೂಪಾಯಿಯ ಖಾರದ ಪಾಕೀಟು ಹರಿಯುತ್ತಿತ್ತು. ಬದುವಿನ ಮೇಲಿನ ಅಣ್ಣೆಸೊಪ್ಪು, ಗಣಿಕೆಸೊಪ್ಪು ಕಳೆನಾಶಕಕ್ಕೆ ಸಿಕ್ಕಿ ಅಪರೂಪವಾಗಿದೆ ಎಂದು ಅವ್ವ ಹೇಳುತ್ತಾಳೆ. ಅವಳು ಮಡಿಲು ತುಂಬಿಕೊಂಡು ಬರುತ್ತಿದ್ದ ಬದು ಈಗ ಬೋಳು.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಮಾನು ಕಟ್ಟಿಸಬೇಕು ಎಂದು ಒಂದು ಗುಂಪು, ಬೇಡ ಎಂದು ಇನ್ನೊಂದು ಗುಂಪು ಇರುವುದು ನಿಮಗೆಲ್ಲ ಗೊತ್ತು. ಕಮಾನು ಕಟ್ಟುವವರು ಕಟ್ಟಲಿ. ನಮ್ಮ 2008ರ ಬ್ಯಾಚಿನವರು ಹೊಂಗೆ ಮರದ ಪಕ್ಕದ ಖಾಲಿ ಜಾಗಕ್ಕೆ ಬೇಲಿ, ಹನಿ ನೀರಾವರಿ ಪೈಪು, ಒಂದು ತೊಟ್ಟಿ ಮಾಡಿಸಿಕೊಡುತ್ತೇವೆ. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ನುಗ್ಗೆ, ಕರಿಬೇವು, ದಂಟು, ಚಪ್ಪರದವರೆ. ಬಿಸಿಯೂಟದ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಇರಬೇಕು. ಟೊಮೆಟೊ ಬೆಲೆ ಏರಿದ ವಾರ ಅಡುಗೆಯ ಅಮ್ಮಂದಿರು ಅದನ್ನು ಹೇಗೆ ಹೊಂದಿಸುತ್ತಾರೆ ಎಂದು ಅವರನ್ನೇ ಕೇಳಿ. ತೋಟದ ಕೆಲಸ ಮಕ್ಕಳದೇ ಇರಲಿ. ನೀರು ಹಾಕಿದ ಕೈ ಒಂದು ಸಲವಾದರೂ ರುಚಿ ನೋಡುತ್ತದೆ. ಅಲ್ಲಿನ ಮಣ್ಣು ಚೆನ್ನಾಗಿದೆ. ಎರಡು ವರ್ಷ ಗೊಬ್ಬರ ಹಾಕಿದವನ ಮಾತು ನಂಬಿ.

ನನ್ನ ಮಾತು ಮುಗಿಯಿತು, ಅಡುಗೆ ಕೂಡ ಆಗಿದೆಯಂತೆ. ಮೂರನೇ ಸಾಲಿನಲ್ಲಿ ಅಜ್ಜಿ ಪಕ್ಕ ಕುಳಿತಿರುವುದೇ ನನ್ನ ಮಗಳು. ಊಟಕ್ಕೆ ಹೀರೇಕಾಯಿ ಪಲ್ಯ ಇದೆ ಎಂದು ಕೇಳಿದೆ. ಬಡಿಸುವವರಲ್ಲಿ ಒಂದು ವಿನಂತಿ, ಅವಳ ಎಲೆಗೂ ಒಂದು ಚೂರು ಹಾಕಿ. ಅವಳು ಬಿಟ್ಟರೆ ದಯವಿಟ್ಟು ಯಾರೂ "ತಿನ್ನು ಪುಟ್ಟಿ" ಎನ್ನಬೇಡಿ. ಇದು ಇಪ್ಪತ್ತಮೂರನೇ ಸಲ.