ಮಾಡಿನ ಲೆಕ್ಕ: ಉದ್ದದಲ್ಲಿ ಅಗಲ ಕಳೆದರೆ ನೆತ್ತಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳು ನಡೆಸಿಕೊಟ್ಟ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ, ಮರದ ಕೆಲಸದವನು. ಅಪ್ಪನಿಂದ ಉಳಿ, ಗರಗಸ ಬಂದವು. ಈಗ ಅವುಗಳ ಪಕ್ಕದಲ್ಲಿ ವೆಲ್ಡಿಂಗ್ ಮೆಷಿನ್ನೂ ಕುಳಿತಿದೆ. ಸಂಚಿಕೆ ಸಮಿತಿಯವರು "ನಿಮ್ಮ ಅನುಭವ ಹೇಳಿ" ಎಂದರು. ಅನುಭವ ಹೇಳಲು ಹೊರಟರೆ ಊಟದ ಹೊತ್ತು ಮೀರುತ್ತದೆ. ಕೆಲಸ ಹೇಳಿದರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಆದ್ದರಿಂದ ಇವತ್ತು ಒಂದೇ ವಿಷಯ. ನಾಲ್ಕು ಕಡೆಗೂ ಇಳಿಜಾರಿರುವ ಹೆಂಚಿನ ಮಾಡಿಗೆ ನೆತ್ತಿಯ ತೊಲೆ ಎಷ್ಟುದ್ದ ಬೇಕು, ಪಕ್ಕಾಸುಗಳು ಎಷ್ಟೆಷ್ಟುದ್ದ ಬೇಕು ಎಂಬುದನ್ನು ಮಾಡು ಏರುವ ಮೊದಲೇ ನೆಲದ ಮೇಲೆ ಕುಳಿತು ಕಂಡುಕೊಳ್ಳುವುದು ಹೇಗೆ? ಕಪ್ಪುಹಲಗೆಯನ್ನು ಇಲ್ಲಿಗೇ ತರಿಸಿದ್ದೇನೆ.

ನಾಲ್ಕು ಇಳಿಜಾರು ಯಾಕೆ ಎಂದು ಮೊದಲು ಕೇಳಬೇಕು. ಎರಡೇ ಇಳಿಜಾರಿನ ಮಾಡು ಮಾಡುವುದು ಸುಲಭ. ಎಲ್ಲ ಪಕ್ಕಾಸೂ ಒಂದೇ ಉದ್ದ, ಕಣ್ಣುಮುಚ್ಚಿ ಕತ್ತರಿಸಬಹುದು. ಆದರೆ ಅದರ ಎರಡು ತುದಿಯಲ್ಲಿ ಮುಕ್ಕೋನದ ಗೋಡೆ ನೆತ್ತಿಯವರೆಗೂ ಏರಿ ನಿಲ್ಲುತ್ತದೆ. ಕಕ್ಕಡದ ಮಳೆ ನಮ್ಮಲ್ಲಿ ನೇರವಾಗಿ ಸುರಿಯುವುದಿಲ್ಲ, ಗಾಳಿಯ ಜೊತೆ ಅಡ್ಡಡ್ಡ ಬಂದು ಹೊಡೆಯುತ್ತದೆ. ಆ ಮುಕ್ಕೋನದ ಗೋಡೆ ಮೂರು ತಿಂಗಳು ನೀರು ಕುಡಿದು ಊದುತ್ತದೆ. ನಾಲ್ಕು ಕಡೆಗೂ ಸೂರು ಇಳಿಸಿದರೆ ನಾಲ್ಕು ಗೋಡೆಗೂ ಕೊಡೆ ಹಿಡಿದಂತೆ. ನಮ್ಮ ಐನ್‌ಮನೆಗಳನ್ನು ನೋಡಿ, ಭಾಗಮಂಡಲದ ದೇವಸ್ಥಾನದ ಮಾಡುಗಳನ್ನು ನೋಡಿ. ಮಣ್ಣಿನ ಗೋಡೆಗೆ ಆಯುಸ್ಸು ಕೊಟ್ಟಿದ್ದು ಸುಣ್ಣಕ್ಕಿಂತ ಹೆಚ್ಚಾಗಿ ಆ ಸೂರು ಎಂದು ನನ್ನ ಲೆಕ್ಕ.

ಹಿಂದೆ ಹುಲ್ಲು ಹೊದಿಸುತ್ತಿದ್ದರು. ಹುಲ್ಲಿಗೆ ಅಳತೆಯ ಹಂಗು ಕಡಿಮೆ, ಅರ್ಧ ಅಡಿ ಆಚೀಚೆಯಾದರೂ ಅದು ಮುಚ್ಚಿಕೊಳ್ಳುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲಿನ ಮನೆಗಳ ಮಾಡಿಗೂ ಹೆಂಚು ಬಂತು. ಹೆಂಚು ಹುಲ್ಲಿನ ಹಾಗಲ್ಲ. ಒಂದರ ತುಟಿ ಇನ್ನೊಂದರ ತೋಡಿನಲ್ಲಿ ಕೂರಬೇಕು. ಪಕ್ಕಾಸು ಒಂದು ಇಂಚು ಏರಿಳಿದರೂ ಅಲ್ಲಿ ಹೆಂಚು ಬಾಯಿ ಬಿಡುತ್ತದೆ, ನೀರು ಒಳಗೆ ಬರುತ್ತದೆ.

ಇನ್ನು ಈ ಲೆಕ್ಕ ಈಗ ಯಾಕೆ ಎಂಬ ಮಾತು. 2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತ ಗುಡ್ಡ ಜರಿದು ಏನಾಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮನೆ ಹೋದವರಲ್ಲಿ ಕೆಲವರು ತಾವೇ ಸ್ವಂತವಾಗಿ ಕಟ್ಟಿಕೊಂಡರು, ಕೆಲವರು ಇನ್ನೂ ಕಟ್ಟುತ್ತಿದ್ದಾರೆ. ಅಂಥ ಒಂದು ಮನೆಯ ತಾಯಿ ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. ತೋಟದ ಕೆಲಸದ ಕೂಲಿಯಲ್ಲಿ ಗೋಡೆ ಎಬ್ಬಿಸಿದ್ದರು. ಮೇ ತಿಂಗಳು ನಡೆಯುತ್ತಿತ್ತು, ಜೂನ್ ಮೊದಲ ವಾರದೊಳಗೆ ಮಾಡು ಮುಚ್ಚಲೇಬೇಕಿತ್ತು. ಮರಕ್ಕೆ ಕೈಹಾಕುವ ಹಾಗಿಲ್ಲ, ಕಬ್ಬಿಣದ ಪೈಪಿನ ಪಕ್ಕಾಸು ಹಾಕೋಣ ಎಂದು ಒಬ್ಬರಿಂದ ಅಂದಾಜು ಬರೆಸಿದರೆ 65 ಪೈಪು ಎಂದು ಬಂತು. ಕೈಯಲ್ಲಿದ್ದ ದುಡ್ಡು ಅಷ್ಟಕ್ಕೆ ಸಾಲದು. ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಜೊತೆಗೆ ಅವರ ಮಗಳೂ ಬಂದಿದ್ದಳು, ಆಗ ಹತ್ತನೇ ತರಗತಿ. ಆ ಮನೆಯ ಲೆಕ್ಕವನ್ನೇ ಈಗ ಹಲಗೆಯ ಮೇಲೆ ಮಾಡುತ್ತೇನೆ. ಅವತ್ತು ಅರ್ಧ ಲೆಕ್ಕ ಮಾಡಿದವಳು ಆ ಹುಡುಗಿಯೇ.

ಗೋಡೆಯ ಹೊರಮೈಗೆ ಮನೆಯ ಉದ್ದ 36 ಅಡಿ, ಅಗಲ 24 ಅಡಿ. ಲೆಕ್ಕಕ್ಕೆ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಈ ಅಳತೆಗೆ ಎರಡೂ 43 ಅಡಿ 3 ಇಂಚು ಚಿಲ್ಲರೆ ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಮನೆ ಓರೆಯಾಗಿದೆ ಎಂದರ್ಥ, ಮುಂದಿನದು ಯಾವುದೂ ಕೂಡುವುದಿಲ್ಲ. ಇವರದು ಸರಿಯಾಗಿತ್ತು.

ಈಗ ಹದ್ದಿನ ಹಾಗೆ ಮೇಲಿನಿಂದ ಮಾಡನ್ನು ನೋಡಿ. ನಾಲ್ಕು ಮೂಲೆಯಿಂದ ನಾಲ್ಕು ಮೂಲೆಪಕ್ಕಾಸು ಒಳಮುಖವಾಗಿ ಏರುತ್ತವೆ. ನಾಲ್ಕು ಇಳಿಜಾರೂ ಒಂದೇ ಸಮ ಇದ್ದರೆ ಮೂಲೆಪಕ್ಕಾಸು ಮೂಲೆಯನ್ನು ಸರಿ ಅರ್ಧ ಮಾಡಿಕೊಂಡು ಹೋಗುತ್ತದೆ. ಅಂದರೆ ಉದ್ದನೆಯ ಗೋಡೆಯಿಂದ ಎಷ್ಟು ಒಳಗೆ ಬಂತೋ ಅಡ್ಡಗೋಡೆಯಿಂದಲೂ ಅಷ್ಟೇ ಒಳಗೆ ಬರುತ್ತದೆ. ಅಗಲದ ಅರ್ಧ, 12 ಅಡಿ, ಒಳಗೆ ಬಂದಾಗ ಆಚೆ ಕಡೆಯದು ಎದುರಾಗುತ್ತದೆ. ಅಲ್ಲಿ ನೆತ್ತಿ ಶುರು. ಈ ತುದಿಯಲ್ಲಿ 12 ಹೋಯಿತು, ಆ ತುದಿಯಲ್ಲಿ 12 ಹೋಯಿತು, ಕೂಡಿದರೆ ಪೂರ್ತಿ ಅಗಲವೇ ಹೋಯಿತು. ಆದ್ದರಿಂದ 36ರಲ್ಲಿ 24 ಕಳೆದರೆ ನೆತ್ತಿ 12 ಅಡಿ. ಸೂರನ್ನು ಸುತ್ತ 3 ಅಡಿ ಹೊರಗೆ ಚಾಚಿದರೂ ನೆತ್ತಿ ಬದಲಾಗುವುದಿಲ್ಲ. 42ರಲ್ಲಿ 30 ಕಳೆದರೂ 12. ಚೌಕ ಕಟ್ಟಡಕ್ಕೆ ಕಳೆದರೆ ಸೊನ್ನೆ. ಅದಕ್ಕೇ ಚೌಕ ಮಂಟಪಕ್ಕೆ ನೆತ್ತಿ ಇಲ್ಲ, ಒಂದೇ ಶಿಖರ.

ಅಡ್ಡಗೋಡೆಯ ಕಡೆ ಇಳಿಜಾರು ಹೆಚ್ಚು ಕಡಿದಾಗಿ ಬೇಕೆನ್ನುವವರಿದ್ದಾರೆ. ಆಗ ನೆತ್ತಿ ಉದ್ದವಾಗುತ್ತದೆ, ಮೂಲೆಪಕ್ಕಾಸಿನ ಎರಡು ಕಡೆಯ ಗಿಡ್ಡ ಪಕ್ಕಾಸುಗಳ ಅಳತೆ ಬೇರೆ ಬೇರೆಯಾಗುತ್ತದೆ. ನೋಡಲು ಚಂದ, ಆದರೆ ಹೊಸಬರು ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಇನ್ನು ಎತ್ತರ. ಗೋಡೆಯಿಂದ ನೆತ್ತಿಗೆ ಎಷ್ಟು ಏರಿಸಬೇಕು? ಆ ಹುಡುಗಿ 5, 12, 13 ಎಂದಳು, ಪುಸ್ತಕದಲ್ಲಿ ಇರುವ ತ್ರಿಕೋನ. 12 ಅಡಿಗೆ 5 ಏರಿಸಿದರೆ ಪಕ್ಕಾಸು 13 ಅಡಿ. ಪೈಪು ಉಳಿಯುತ್ತದೆ ನಿಜ. ಆದರೆ ಆ ಇಳಿಜಾರು ಸುಮಾರು ಇಪ್ಪತ್ತೆರಡೂವರೆ ಡಿಗ್ರಿ. ನಮ್ಮ ಗಾಳಿಮಳೆಗೆ ನೀರು ಕೆಳಗೆ ಹರಿಯುವುದರ ಬದಲು ಹೆಂಚಿನ ಅಡಿಯಿಂದ ಮೇಲಕ್ಕೇ ನುಗ್ಗುತ್ತದೆ. ಎರಡು ಅಡಿಗೆ ಒಂದು ಅಡಿಗಿಂತ ಕಡಿಮೆ ಏರಿಸಿ ಮಂಗಳೂರು ಹೆಂಚು ಹೊದಿಸಲು ನಾನು ಒಪ್ಪುವುದಿಲ್ಲ. 12ಕ್ಕೆ 9 ಏರಿಸೋಣ ಎಂದೆ. 9ರ ವರ್ಗ 81, 12ರ ವರ್ಗ 144, ಕೂಡಿದರೆ 225. ಪಕ್ಕಾಸು 15 ಅಡಿ, ಇಳಿಜಾರು ಸುಮಾರು 37 ಡಿಗ್ರಿ. ಅಂದರೆ ಮಟ್ಟದಲ್ಲಿ ಒಂದು ಅಡಿ ಹೋದರೆ ಪಕ್ಕಾಸಿನ ಮೇಲೆ ಒಂದೂಕಾಲು ಅಡಿ. ಈ ಒಂದೂಕಾಲನ್ನು ನೆನಪಿಡಿ, ಇಡೀ ಮಾಡು ಇದರ ಮೇಲೆ ನಿಂತಿದೆ. ಸೂರು 3 ಅಡಿ ಹೊರಗೆ ಎಂದರೆ ಪಕ್ಕಾಸಿಗೆ ಇನ್ನೂ ಮೂರೂಮುಕ್ಕಾಲು. ಒಟ್ಟು 18 ಅಡಿ 9 ಇಂಚು.

ಮೂಲೆಪಕ್ಕಾಸಿನ ಹತ್ತಿರವೇ ಬಹಳ ಮಂದಿ ಎಡವುವುದು. ಮಟ್ಟದಲ್ಲಿ ಕರ್ಣವಾಗಿ ಹೋಗುತ್ತದಲ್ಲ, ಆದ್ದರಿಂದ 15ನ್ನು 1.414ರಿಂದ ಗುಣಿಸಿಬಿಡುತ್ತಾರೆ. 21 ಅಡಿ ಎರಡೂವರೆ ಇಂಚು ಬರುತ್ತದೆ. ಅದು ತಪ್ಪು. ಉದ್ದಕ್ಕೆ ಹೋಗುವ ದೂರ ಮಾತ್ರ ಹೆಚ್ಚುತ್ತದೆ, ಏರುವ ಎತ್ತರ ಅದೇ 9 ಅಡಿ. ಮಟ್ಟದಲ್ಲಿ 12ರ ವರ್ಗ ಮತ್ತೆ 12ರ ವರ್ಗ, 288. ಅದಕ್ಕೆ 9ರ ವರ್ಗ 81 ಸೇರಿಸಿದರೆ 369. ವರ್ಗಮೂಲ 19.21, ಅಂದರೆ 19 ಅಡಿ ಎರಡೂವರೆ ಇಂಚು. ಸರಿ ಎರಡು ಅಡಿ ವ್ಯತ್ಯಾಸ! ನಂಬಿಕೆ ಬರದಿದ್ದರೆ ಇನ್ನೊಂದು ದಾರಿಯಿಂದ ಬನ್ನಿ. ಇಳಿಜಾರಿನ ಮೈಮೇಲೆಯೇ ಪಕ್ಕಾಸು 15, ಗೋಡೆಯುದ್ದಕ್ಕೆ 12. ಇವೆರಡರ ವರ್ಗ 225 ಮತ್ತು 144, ಕೂಡಿದರೆ ಮತ್ತೆ 369. ಸೂರು ಸೇರಿಸಿದರೆ 24 ಅಡಿಯ ಮೇಲೆ ಒಂದು ನೂಲು.

ನಮ್ಮಪ್ಪ ಈ ವರ್ಗಮೂಲ ತೆಗೆಯುತ್ತಿರಲಿಲ್ಲ. ಅಂಗಳ ಗುಡಿಸಿ, ಹಗ್ಗ ಎಳೆದು, ಸುಣ್ಣದಲ್ಲಿ ತ್ರಿಕೋನವನ್ನು ಪೂರ್ತಿ ಅಳತೆಗೇ ಬರೆದು, ಪಕ್ಕಾಸನ್ನು ಅದರ ಮೇಲೆ ಮಲಗಿಸಿ ಗುರುತು ಹಾಕುತ್ತಿದ್ದರು. ಮಲಬಾರಿನಿಂದ ಬಂದ ಆಚಾರಿಗಳ ಜೊತೆ ದುಡಿದು ಕಲಿತದ್ದು. ಆ ಆಚಾರಿಗಳದು ಅಡಿಯಲ್ಲ, ಕೋಲಿನ ಅಳತೆ. ಒಂದು ಕೋಲಿಗೆ 24 ಅಂಗುಲ, ನಮ್ಮ ಲೆಕ್ಕದಲ್ಲಿ 72 ಸೆಂಟಿಮೀಟರ್. ಪೈಥಾಗೊರಸ್ ಎಂದು ನೀವು ಓದುವ ಸಂಗತಿಯನ್ನು ಬೌಧಾಯನ ಶುಲ್ಬಸೂತ್ರವೂ ಹೇಳುತ್ತದೆ, ಶುಲ್ಬ ಎಂದರೇ ಹಗ್ಗ. ಅಂಗಳದಲ್ಲಿ ಹಗ್ಗ ಹಿಡಿಯುವ ಕೈಗಳಿಗೆ ಇದು ಬಹಳ ಹಳೆಯ ಪರಿಚಯ.

ಈಗ ಗಿಡ್ಡ ಪಕ್ಕಾಸುಗಳು. ಮೂಲೆಯ ಹತ್ತಿರದ ಪಕ್ಕಾಸುಗಳು ನೆತ್ತಿಯವರೆಗೆ ಹೋಗುವುದಿಲ್ಲ, ಮೂಲೆಪಕ್ಕಾಸಿಗೇ ಬಂದು ತಗಲುತ್ತವೆ. ಪಕ್ಕಾಸಿನಿಂದ ಪಕ್ಕಾಸಿಗೆ 2 ಅಡಿ ಇಟ್ಟೆವು. ಮೂಲೆಯಿಂದ 2 ಅಡಿ ದೂರದ್ದು ಒಳಗೂ 2 ಅಡಿಯೇ ಹೋಗುತ್ತದೆ, ಒಂದೂಕಾಲರಿಂದ ಗುಣಿಸಿದರೆ ಎರಡೂವರೆ ಅಡಿ. ಮುಂದಿನದು 5, ಆಮೇಲೆ ಏಳೂವರೆ, 10, ಹನ್ನೆರಡೂವರೆ. ಪ್ರತಿಯೊಂದಕ್ಕೂ ಸೂರಿನ ಮೂರೂಮುಕ್ಕಾಲು ಸೇರಿಸಿ. ಗೋಡೆಯ ಮೂಲೆಗೆ ಸರಿಯಾಗಿ ಬರುವ ತುಂಡಿಗೆ ಸೂರಿನ ಭಾಗ ಮಾತ್ರ. ಹಲಗೆಯ ಮೇಲೆ ಸಾಲಾಗಿ ಬರೆಯುತ್ತೇನೆ: 3.75, 6.25, 8.75, 11.25, 13.75, 16.25.

ಇದೇನು ಎಂದು ಆ ಹುಡುಗಿಯನ್ನು ಕೇಳಿದೆ. "ಸಮಾಂತರ ಶ್ರೇಢಿ ಅಣ್ಣಾ, ಸಾಮಾನ್ಯ ವ್ಯತ್ಯಾಸ ಎರಡೂವರೆ" ಎಂದಳು. ಹಾಗೆಂದವಳೇ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತಳು. ಆಮೇಲೆ ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ಗೆರೆ ಎಳೆದಳು. 3.75 ಮತ್ತು 16.25, ಕೂಡಿದರೆ 20. ಎರಡನೆಯದು ಮತ್ತು ಐದನೆಯದು, 20. ನಡುವಿನ ಎರಡು, ಅದೂ 20. ಅಂಗಡಿಯಲ್ಲಿ ಪೈಪು ಸಿಗುವುದು 20 ಅಡಿಯದ್ದು!

ಚೀಟಿ ಬರೆದವರು ಪಕ್ಕಾಸು ಒಂದಕ್ಕೆ ಪೈಪು ಒಂದು ಎಂದು ಎಣಿಸಿದ್ದರು. ಪೂರ್ತಿ ಪಕ್ಕಾಸು 16, ಗಿಡ್ಡ ಪಕ್ಕಾಸು 40, ಮೂಲೆಗೆ ಎರಡೆರಡರಂತೆ 8, ನೆತ್ತಿಗೆ 1, ಒಟ್ಟು 65. ಮೋಸವಲ್ಲ ಅದು, ಕೂತು ಜೋಡಿಸಿ ನೋಡುವ ಪುರುಸೊತ್ತು ಅವರಿಗೆ ಇರಲಿಲ್ಲ. ನಾವು ಜೋಡಿಸಿದೆವು. ನಾಲ್ಕು ಮೂಲೆಗೆ ಎರಡೆರಡು ಪಕ್ಕ, ಹಾಗಾಗಿ ಆರು ಅಳತೆಯಲ್ಲಿ ಪ್ರತಿಯೊಂದೂ ಎಂಟೆಂಟು ತುಂಡು. ಜೋಡಿಗೆ ಒಂದು ಪೈಪಿನಂತೆ 24 ಪೈಪು. ಪೂರ್ತಿ ಪಕ್ಕಾಸು ನೆತ್ತಿಯ ಒಂದೊಂದು ಕಡೆಗೆ 7, ಎರಡು ತುದಿಗೆ ಒಂದೊಂದು, ಒಟ್ಟು 16 ಪೈಪು. ಅವುಗಳಲ್ಲಿ ಒಂದೂಕಾಲು ಅಡಿಯ ತುಂಡು ಉಳಿಯುತ್ತದೆ, ಅದು ಸೂರಿನ ಕಟ್ಟಕಡೆಯ ಮೂಲೆಗೆ ಬೇಕಾದ ಎಂಟು ತುಂಡಿಗೆ ಸರಿಯಾಗುತ್ತದೆ. ಮೂಲೆಪಕ್ಕಾಸು ನಾಲ್ಕಕ್ಕೆ 4 ಪೈಪು, ತಲಾ 4 ಅಡಿ ಜೋಡಿಸಲು ಇನ್ನೊಂದು ಪೈಪು. ನೆತ್ತಿಗೆ ಒಂದು. ಎಲ್ಲ ಕೂಡಿ 46. ಹತ್ತೊಂಬತ್ತು ಪೈಪು ಉಳಿಯಿತು. ಆ ದುಡ್ಡು ಹೆಂಚಿಗೆ ಹೋಯಿತು. ಜೂನ್ 2ಕ್ಕೆ ಮಾಡು ಮುಚ್ಚಿತು.

ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ಮಾತು ಬಾಕಿ ಇದೆ. ಈ ಅಳತೆಗಳೆಲ್ಲ ನಡುಗೆರೆಯಿಂದ ನಡುಗೆರೆಗೆ. ಗಿಡ್ಡ ಪಕ್ಕಾಸು ಮೂಲೆಪಕ್ಕಾಸಿನ ಪಕ್ಕಕ್ಕೆ ತಗಲುವುದರಿಂದ ಅದರ ದಪ್ಪಕ್ಕೆ ತಕ್ಕಂತೆ ಸ್ವಲ್ಪ ಕಡಿಮೆ ಮಾಡಬೇಕು. ಎರಡು ಇಂಚಿನ ಪೈಪಾದರೆ ಸುಮಾರು ಒಂದೂಮುಕ್ಕಾಲು ಇಂಚು. ಗರಗಸದ ಚಕ್ರ ತಿನ್ನುವ ನೂಲು ಅದರಲ್ಲೇ ಮುಚ್ಚಿಹೋಗುತ್ತದೆ. ಮೂಲೆಪಕ್ಕಾಸಿನ ಜೋಡು ನೆತ್ತಿಯ ಹತ್ತಿರ ಬರಲಿ. ಸೂರಿನ ಕಡೆ ಬೇಡ, ಅಲ್ಲಿ ಪಕ್ಕಾಸು ಗೋಡೆಯಿಂದ ಹೊರಗೆ ತೂಗಿಕೊಂಡಿರುತ್ತದೆ. ಪೈಪು ಎಷ್ಟು ದಪ್ಪ ಇರಬೇಕು, 15 ಅಡಿಯ ನಡುವೆ ಆಧಾರ ಎಲ್ಲಿ ಕೊಡಬೇಕು ಎಂಬುದನ್ನು ಎಂಜಿನಿಯರನ್ನು ಕೇಳಿ. ಉದ್ದದ ಲೆಕ್ಕ ಬಂದರೆ ಭಾರದ ಲೆಕ್ಕವೂ ಬಂತು ಎಂದುಕೊಳ್ಳಬೇಡಿ.

ಭಾರ ಎಂದೆನಲ್ಲ. ಸೂರು ಸೇರಿ ಮಟ್ಟದಲ್ಲಿ 42 ಅಡಿ, 30 ಅಡಿ, ಅಂದರೆ 1,260 ಚದರ ಅಡಿ. ಇಲ್ಲಿಯೂ ಅದೇ ಒಂದೂಕಾಲು. ಗುಣಿಸಿದರೆ ಮಾಡಿನ ಮೈ 1,575 ಚದರ ಅಡಿ. ನೂರು ಚದರ ಅಡಿಗೆ ಸುಮಾರು 150 ಹೆಂಚು ಹಿಡಿದರೆ ಎರಡು ಸಾವಿರದ ಮುನ್ನೂರೈವತ್ತರ ಮೇಲೆ. ಮೂಲೆಗಳಲ್ಲಿ ಓರೆಯಾಗಿ ಕತ್ತರಿಸುವಾಗ ಒಡೆಯುತ್ತವೆ, 2,600 ತರಿಸಿ. ಒಣಗಿದ ಹೆಂಚೇ ಐದು ಟನ್ನಿಗೆ ಮೇಲಾಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ತಮಾಷೆಯೆಂದರೆ, ಇದೇ ಇಳಿಜಾರಿಗೆ ಎರಡು ಪಾಲಿನ ಮಾಡು ಹಾಕಿದರೂ ಮೈ ಇಷ್ಟೇ. ಹೆಚ್ಚುವುದು ನೆತ್ತಿಹೆಂಚು. ಎರಡು ಇಳಿಜಾರಿಗೆ 42 ಅಡಿ ಸಾಕು, ಇಲ್ಲಿ ನೆತ್ತಿ 12, ಮೂಲೆಗಳು 96, ಒಟ್ಟು 108 ಅಡಿ. ಸೋರುವ ಜಾಗಗಳೂ ಅವೇ. ಅಲ್ಲಿಯ ಗಾರೆ ಕೆಲಸವನ್ನು ಸಂಜೆಯ ಆತುರದಲ್ಲಿ ಮುಗಿಸಲು ಬಿಡಬೇಡಿ.

ಹತ್ತನೇ ತರಗತಿಯವರಿಗೆ ಒಂದು ಲೆಕ್ಕ ಕೊಟ್ಟು ಕುಳಿತುಕೊಳ್ಳುತ್ತೇನೆ. ಮನೆ 30 ಅಡಿ ಉದ್ದ, 20 ಅಡಿ ಅಗಲ. ನೆತ್ತಿಯ ಎತ್ತರ ಏಳೂವರೆ, ಸೂರು ಸುತ್ತ 2 ಅಡಿ, ಪಕ್ಕಾಸಿನ ನಡುವೆ 2 ಅಡಿ. ಮೂಲೆಪಕ್ಕಾಸಿಗೆ 20 ಅಡಿಯ ಪೈಪು ಜೋಡಿಲ್ಲದೆ ಸಾಕೋ ಸಾಲದೋ? ಗಿಡ್ಡ ಪಕ್ಕಾಸುಗಳಲ್ಲಿ ಈ ಸಲ ಮೊದಲನೆಯದು, ಕೊನೆಯದು ಕೂಡಿದರೆ 20 ಬರುವುದಿಲ್ಲ, ಬೇರೆ ಜೋಡಿ ಹುಡುಕಬೇಕು. ಹುಡುಕಿದರೆ ಇಪ್ಪತ್ತಕ್ಕೆ ಸರಿಯಾಗಿ ಸಿಗುತ್ತದೆ. ಉತ್ತರ ಬಂದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ, ಟೇಪು ಜೇಬಿನಲ್ಲೇ ಇದೆ.