ನಮ್ಮ ದೇವಾಲಯದ ಹಳೆಯ ಸಿನಿಮಾ ಯಂತ್ರ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಗಂಟೆ, ಬಲಿಪೀಠ, ಹಳೆಯ ಜ್ಞಾನಸ್ನಾನದ ದಾಖಲೆಗಳ ಬಗ್ಗೆ ಹಿರಿಯರು ಈಗಾಗಲೇ ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಅಷ್ಟೇನೂ ಘನವಲ್ಲದ ವಸ್ತು. ಗುರುಮನೆಯ ಅಟ್ಟದಲ್ಲಿ ಬಹುಕಾಲ ಧೂಳು ತಿಂದ ಒಂದು ಸಣ್ಣ ಸಿನಿಮಾ ಪ್ರೊಜೆಕ್ಟರು. ಅದನ್ನು ದುರಸ್ತಿ ಮಾಡಿಸುವ ಹೊಣೆ ನಮ್ಮ ಸಮಿತಿಯ ನಾಲ್ವರಿಗೆ ಬಂತು. ಮಾಡಿದ ಕೆಲಸವನ್ನು ಹೇಳುವ ಮೊದಲು, ಮಾಡಿದ ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುವುದು ನ್ಯಾಯ.

ಈ ಯಂತ್ರ ಕೊಲ್ಲಿ ದೇಶದಿಂದ ಮರಳಿದ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಕೊಡುಗೆ. ಅದರೊಡನೆ 1979ರ ವಾರ್ಷಿಕ ಹಬ್ಬದಲ್ಲಿ ತೆಗೆದ ನಾಲ್ಕು ಸುರುಳಿಗಳೂ ಇದ್ದವು. ಇವು ‘ಸೂಪರ್ 8’ ಎಂಬ ಜಾತಿಯವು. ಕೊಡಕ್ ಕಂಪನಿಯು 1965ರಲ್ಲಿ ಈ ಫಿಲ್ಮನ್ನು ಮನೆಬಳಕೆಗೆಂದು ಹೊರತಂದು, 1973ರಲ್ಲಿ ಚಿತ್ರದೊಡನೆ ಧ್ವನಿಯನ್ನೂ ಹಿಡಿಯುವ ಫಿಲ್ಮನ್ನು ಮಾರುಕಟ್ಟೆಗೆ ಬಿಟ್ಟಿತು. ಅಗಲ ಕೇವಲ 8 ಮಿಲಿಮೀಟರು. 50 ಅಡಿಯ ಒಂದು ಸುರುಳಿ, ಸೆಕೆಂಡಿಗೆ 18 ಚಿತ್ರಗಳಂತೆ ಓಡಿದರೆ, 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ. ಫಿಲ್ಮಿನ ಅಂಚಿನಲ್ಲಿ ಟೇಪ್ ರೆಕಾರ್ಡರಿನ ಟೇಪಿನಂತೆಯೇ ಕಂದುಬಣ್ಣದ ತೆಳುಗೆರೆಯೊಂದಿದೆ. ಧ್ವನಿಯೆಲ್ಲ ಆ ಗೆರೆಯಲ್ಲಿ ಅಡಗಿದೆ.

ನಮ್ಮ ಸುರುಳಿಗಳಲ್ಲಿ ತೇರಿನ ಮೆರವಣಿಗೆಯಿತ್ತು, ಗಾಯನವೃಂದದ ಹಾಡಿತ್ತು, ಇಂದು ದೇವರ ಪಾದ ಸೇರಿರುವ ಅಂದಿನ ಗುರುಗಳ ಪ್ರಬೋಧನೆ ಹಾಗೂ ಆಶೀರ್ವಾದವಿತ್ತು. ಅವರ ಭಾವಚಿತ್ರಗಳು ನಮ್ಮಲ್ಲಿ ಹಲವಿವೆ. ಆದರೆ ಅವರ ದನಿ ಉಳಿದಿದ್ದುದು ಆ ಗೆರೆಯೊಂದರಲ್ಲೇ.

ನಾವು ಮಾಡಿದ್ದೇನು? ಉತ್ಸಾಹದಿಂದ ಯಂತ್ರವನ್ನು ಕೆಳಗಿಳಿಸಿ, ಬಟ್ಟೆಯಿಂದ ಒರೆಸಿ, ಆ ಪ್ರಬೋಧನೆಯ ಸುರುಳಿಯನ್ನೇ ಏರಿಸಿ ವಿದ್ಯುತ್ತು ಹಾಕಿದೆವು. ಚಿತ್ರ ಕುಂಟುತ್ತಾ ಮೂಡಿತು, ದನಿ ಬರಲಿಲ್ಲ. ದನಿಯನ್ನು ಹುಡುಕುತ್ತಾ ಒಂದೊಂದೇ ಗುಂಡಿಯನ್ನು ಒತ್ತಿದೆವು. ಅವುಗಳಲ್ಲಿ ರೆಕಾರ್ಡ್ ಗುಂಡಿಯೂ ಒಂದು. ಧ್ವನಿ ಹಿಡಿಯುವ ಈ ಗುಂಡಿ, ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಅಳಿಸುತ್ತದೆ. ಹನ್ನೊಂದು ಸೆಕೆಂಡುಗಳ ಬಳಿಕ ಒಳಗಿನ ರಬ್ಬರ್ ಬೆಲ್ಟು ಹರಿದು ಯಂತ್ರ ನಿಂತಿತು. ದೀಪವನ್ನು ಆರಿಸುವಷ್ಟರಲ್ಲಿ ಅದರ ಶಾಖಕ್ಕೆ ಒಂದು ಚಿತ್ರ ಉಬ್ಬಿಹೋಯಿತು. ಬೆಲ್ಟು ಹರಿಯದಿದ್ದರೆ ಇಡೀ ಸುರುಳಿ ಮೂಕವಾಗುತ್ತಿತ್ತು. ಯಂತ್ರದ ದೋಷವೇ ನಮ್ಮ ದೋಷಕ್ಕೆ ಅಡ್ಡ ಬಂತು.

ಅಂದಿನಿಂದ ನಾವು ಕಲಿತುದನ್ನು ಹೇಳುತ್ತೇವೆ. ಇಂತಹ ಯಂತ್ರಗಳು ತಮ್ಮಲ್ಲಿ ಕೆಲವರ ಮನೆಗಳಲ್ಲೂ ಇರಬಹುದು.

ಮೊದಲನೆಯದು, ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತು ಕೊಡಬಾರದು. ಹೊರದೇಶದಿಂದ ಬಂದ ಯಂತ್ರವಾದರೆ ವೋಲ್ಟೇಜಿನ ಗುರುತು ನಮ್ಮ ಮನೆಗಳ ವಿದ್ಯುತ್ತಿಗೆ ಹೊಂದುವಂತೆ ಇದೆಯೇ ಎಂದು ನೋಡಬೇಕು. ನಮ್ಮ ಮೆಕ್ಯಾನಿಕರು ಮೊದಲು ಸೀರೀಸ್ ಬಲ್ಬಿನ ಮೂಲಕ ಪರೀಕ್ಷಿಸಿದರು. ಒಳಗೆ ಎಲ್ಲಿಯಾದರೂ ತಂತಿ ಕೂಡಿಕೊಂಡಿದ್ದರೆ ಬಲ್ಬು ಪೂರ್ಣವಾಗಿ ಉರಿದು ಎಚ್ಚರಿಸುತ್ತದೆ, ಯಂತ್ರ ಸುಡುವುದಿಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಆ ಕೆಲಸವನ್ನು ತಿಳಿದವರಿಗೇ ಬಿಡಬೇಕು.

ಎರಡನೆಯದು, ರಬ್ಬರು. ಹಳೆಯ ಬೆಲ್ಟು ಕೆಲವೊಮ್ಮೆ ಸಡಿಲವಾಗುತ್ತದೆ, ಕೆಲವೊಮ್ಮೆ ಕರಗಿ ಡಾಂಬರಿನಂತೆ ಅಂಟುತ್ತದೆ. ಆ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಪೂರ್ತಿ ತೆಗೆದು, ಚಕ್ರಗಳ ಸುತ್ತ ದಾರ ಹಾಯಿಸಿ ಅಳತೆ ಹಿಡಿದು, ಅದಕ್ಕಿಂತ ಸ್ವಲ್ಪ ಬಿಗಿಯಾದ ಹೊಸ ಬೆಲ್ಟನ್ನು ಹಾಕಿಸಿದೆವು. ಮೇಣದಂತೆ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ತೆಗೆದು ಹೊಸತನ್ನು ತೆಳ್ಳಗೆ ಸವರಿದರು. ಎಣ್ಣೆ ಒಂದು ಹನಿ ಸಾಕು. ಅದು ಬೆಲ್ಟಿಗಾಗಲಿ ಫಿಲ್ಮಿಗಾಗಲಿ ತಾಗಬಾರದು.

ಮೂರನೆಯದು, ಫಿಲ್ಮು ಸಾಗುವ ದಾರಿ. ದೀಪದ ಮುಂದಿನ ಗೇಟಿನಲ್ಲಿ ಫಿಲ್ಮು ಒಂದೊಂದು ಚಿತ್ರಕ್ಕೂ ನಿಂತು ನಿಂತು ಇಳಿಯುತ್ತದೆ. ಆದರೆ ಧ್ವನಿ ಓದುವ ಹೆಡ್ಡಿನ ಮೇಲೆ ಅದು ಎಲ್ಲಿಯೂ ನಿಲ್ಲದೆ ಸಮನಾಗಿ ಹರಿಯಬೇಕು. ಆದ್ದರಿಂದಲೇ ಚಿತ್ರಕ್ಕೂ ಅದರ ಧ್ವನಿಗೂ ನಡುವೆ 18 ಚಿತ್ರಗಳ ಅಂತರವಿದೆ, ಮಧ್ಯದಲ್ಲಿ ಫಿಲ್ಮಿನ ಸಡಿಲ ಕುಣಿಕೆಯಿದೆ. ಆ ಕುಣಿಕೆ ತಪ್ಪಿದರೆ ಚಿತ್ರ ಕುಣಿಯುತ್ತದೆ, ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಗೇಟಿನಲ್ಲಿ ಅಂಟಿದ ಕೊಳೆ ಫಿಲ್ಮನ್ನು ಗೀರುತ್ತದೆ. ಅದನ್ನು ಮೃದುವಾದ ಕುಂಚದಿಂದ, ಗಟ್ಟಿಯಾಗಿದ್ದರೆ ಬಿದಿರಿನ ಕಡ್ಡಿಯಿಂದ ತೆಗೆಯಬೇಕು. ಲೋಹ ತಾಕಿಸಬಾರದು. ಕಂದು ಪುಡಿ ಹಿಡಿದ ಹೆಡ್ಡಿನಿಂದ ದನಿ ಕಂಬಳಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಅದನ್ನೂ ಆಲ್ಕೊಹಾಲಿನಿಂದ ಒರೆಸಿ ಒಣಗಲು ಬಿಡಬೇಕು. ಹ್ಯಾಲೊಜನ್ ದೀಪವನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ವಿಪರೀತ ಕಾದು ಕೆಡುತ್ತದೆ.

ನಾಲ್ಕನೆಯದು, ಕ್ಯಾಸೆಟ್ಟಿನಲ್ಲಿ ಒಂದು ಮೂಲೆಯ ತುಣುಕನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಈ ಫಿಲ್ಮಿಗೆ ಅಂತಹ ರಕ್ಷಣೆಯಿಲ್ಲ. ನಮ್ಮ ಯಂತ್ರದ ರೆಕಾರ್ಡ್ ಗುಂಡಿಗೆ ಈಗ ಪಟ್ಟಿ ಅಂಟಿಸಿ, ‘ಮುಟ್ಟಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ದುರಸ್ತಿಯಾದ ಮೇಲೂ ಬೆಲೆಯಿಲ್ಲದ ಹಳೆಯ ಫಿಲ್ಮೊಂದನ್ನು ಹಲವು ಸಲ ಓಡಿಸಿ, ಗೀರು ಬೀಳುವುದಿಲ್ಲವೆಂದು ಖಚಿತಪಡಿಸಿಕೊಂಡೆವು.

ಸುರುಳಿಗಳ ಡಬ್ಬಿಯನ್ನು ತೆರೆದಾಗ ವಿನೆಗರಿನ ಹುಳಿವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೆಡಲಾರಂಭಿಸಿದೆ ಎಂದರ್ಥ. ಅಂತಹುದನ್ನು ಉಳಿದವುಗಳಿಂದ ಬೇರ್ಪಡಿಸಿ, ತಂಪಾದ ಒಣ ಸ್ಥಳದಲ್ಲಿಟ್ಟು, ಬೇಗನೆ ಪ್ರತಿ ತೆಗೆಸಬೇಕು. ನಾವು ನಾಲ್ಕೂ ಸುರುಳಿಗಳನ್ನು ಡಿಜಿಟಲ್ ಪ್ರತಿ ಮಾಡಿಸಿದ್ದೇವೆ. ಇನ್ನು ಮುಂದೆ ಹಬ್ಬಗಳಲ್ಲಿ ತೋರಿಸುವುದು ಆ ಪ್ರತಿಯನ್ನೇ. ಮೂಲವು ವಿಶ್ರಮಿಸಲಿ.

ಇಷ್ಟೊಂದು ಶ್ರಮ ಒಂದು ಸಿನಿಮಾ ಯಂತ್ರಕ್ಕೆ ಬೇಕೇ ಎಂದು ಕೆಲವರು ಕೇಳಿದ್ದುಂಟು. ಧರ್ಮಸಭೆ ಈ ಸಾಧನಗಳನ್ನು ಕಡೆಗಣಿಸಿಲ್ಲ. ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳು 1959ರಲ್ಲಿ ವ್ಯಾಟಿಕನ್ನಿನಲ್ಲಿ ಚಲನಚಿತ್ರ ಭಂಡಾರವೊಂದನ್ನು ಸ್ಥಾಪಿಸಿದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಸಾಧನಗಳ ಕುರಿತಾಗಿಯೇ ಒಂದು ಆದೇಶಪತ್ರವನ್ನು ಹೊರಡಿಸಿತು. ಅದಕ್ಕಿಂತ ಹತ್ತಿರದ ಉತ್ತರ ಶುಭಸಂದೇಶದಲ್ಲಿದೆ. ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ತಣಿಸಿದ ಪ್ರಭು, ಉಳಿದ ತುಂಡುಗಳನ್ನೂ ಕೂಡಿಸಿಡಲು ಹೇಳಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಕೊಡಬಲ್ಲವನಿಗೇ ತುಂಡುಗಳ ಮೇಲೆ ಅಷ್ಟು ಕಾಳಜಿಯಿದ್ದರೆ, ಪಡೆದವರಾದ ನಮಗೆ ಎಷ್ಟಿರಬೇಕು!

ಕಳೆದ ವಾರ ಆ ಪ್ರತಿಯನ್ನು ಹಿರಿಯರಿಗೆ ತೋರಿಸಿದೆವು. ಗುರುಗಳು ಕೈಯೆತ್ತಿದರು, ತುಟಿಗಳು ಅಲುಗಿದವು. ನಾವು ಅಳಿಸಿದ ಹನ್ನೊಂದು ಸೆಕೆಂಡುಗಳು ಬಂದವು. ನಾವು ತಲೆ ತಗ್ಗಿಸಿದೆವು. ಆಗ ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಆ ಆಶೀರ್ವಾದದ ಮಾತುಗಳನ್ನು ತಾವೇ ಹೇಳತೊಡಗಿದರು. ಅವರೊಡನೆ ಇತರರೂ ಸೇರಿದರು. ದನಿ ಮತ್ತೆ ಬಂದಾಗ ಇಬ್ಬರದೂ ಒಂದೇ ಕಡೆ ಬಂದು ನಿಂತಿತ್ತು.

ಆ ನೆನಪು ಇನ್ನೂ ಜೀವಂತವಾಗಿರುವುದು ನಮ್ಮ ಭಾಗ್ಯ. ಅದು ಸದಾ ಇರಲಾರದು. ಆದ್ದರಿಂದ ಒಂದು ವಿನಂತಿ: ತಮ್ಮ ಮನೆಯ ಅಟ್ಟಗಳಲ್ಲಿ ಹಳೆಯ ಸುರುಳಿಗಳಿದ್ದರೆ ಎಸೆಯಬೇಡಿ, ಆತುರದಿಂದ ಓಡಿಸಲೂ ಬೇಡಿ. ನಮ್ಮಲ್ಲಿಗೆ ತನ್ನಿ. ಹಾಗೆಯೇ ಈ ಚಿತ್ರಗಳಲ್ಲಿ ಹೆಸರು ತಿಳಿಯದ ಹಲವು ಮುಖಗಳಿವೆ. ಹಿರಿಯರು ಒಂದು ಸಂಜೆ ಬಂದು ಕುಳಿತು, ಇವರು ಯಾರ ತಾಯಿ, ಇವರು ಯಾರ ಮಗ ಎಂದು ಹೇಳಿ ಬರೆಯಿಸಿದರೆ, ಎರಡನೆಯ ಶತಮಾನದ ಮಕ್ಕಳು ತಮಗೆ ಋಣಿಗಳಾಗಿರುತ್ತಾರೆ.

ದೇವರು ನಮ್ಮ ಧರ್ಮಕೇಂದ್ರವನ್ನು ಹರಸಲಿ.