ನಗಿಸಿದವನಿಗೆ ತೀರ್ಪು ಕೊಟ್ಟವರು ಯಾರು?

ದಿನಾ ಕೂಗಾಟ, ಬ್ರೇಕಿಂಗ್ ನ್ಯೂಸ್ ನೋಡಿ ನಿಮಗೂ ಸುಸ್ತಾಗಿರುತ್ತೆ, ನನಗೂ ಆಗಿದೆ. ಇವತ್ತು ಒಂದು ಮೂಕಿ ಸಿನಿಮಾ ಬಗ್ಗೆ ಮಾತಾಡೋಣ. ಹೆಸರು ‘ಕೋನಿ ಐಲ್ಯಾಂಡ್’. ತೆರೆಗೆ ಬಂದಿದ್ದು 1917ರ ಅಕ್ಟೋಬರ್‌ನಲ್ಲಿ.

ಕೋನಿ ಐಲ್ಯಾಂಡ್ ಅಂದ್ರೆ ನ್ಯೂಯಾರ್ಕ್‌ನ ಬ್ರೂಕ್ಲಿನ್ ಅಂಚಿನ ಸಮುದ್ರ ತೀರ. ಅಲ್ಲಿ 1903ರಿಂದ ಲೂನಾ ಪಾರ್ಕ್ ಅನ್ನೋ ದೊಡ್ಡ ಮೋಜಿನ ಪಾರ್ಕ್ ಇತ್ತು. ಅಲ್ಲಿಗೇ ಹೋಗಿ ಶೂಟಿಂಗ್ ಮಾಡಿದರು. ನಾಯಕ, ನಿರ್ದೇಶಕ ಎರಡೂ ರಾಸ್ಕೋ ಅರ್ಬಕಲ್. ದಢೂತಿ ಆಳು, ಜನ ಕರೆಯುತ್ತಿದ್ದದ್ದೇ ‘ಫ್ಯಾಟಿ’ ಅಂತ. ಹೆಂಡತಿ ಕಣ್ಣು ತಪ್ಪಿಸೋಕೆ ಮರಳಲ್ಲಿ ತನ್ನನ್ನು ತಾನೇ ಹೂತುಕೊಳ್ಳುತ್ತಾನೆ! ಜೊತೆಗೆ ಬಸ್ಟರ್ ಕೀಟನ್. ಟಿಕೆಟ್‌ಗೆ ದುಡ್ಡಿಲ್ಲ, ಕರೆದುಕೊಂಡು ಬಂದ ಹುಡುಗಿ ದುಡ್ಡಿದ್ದವನ ಜೊತೆ ಒಳಗೆ ಹೋಗಿಬಿಡುತ್ತಾಳೆ. ಮುಂದೆ ‘ಕಲ್ಲು ಮುಖ’ದವನು ಅಂತಲೇ ಹೆಸರಾದ ಕೀಟನ್ ಇಲ್ಲಿ ಅಳುತ್ತಾನೆ, ಬಾಯಿ ತುಂಬಾ ನಗುತ್ತಾನೆ. ಅದನ್ನು ನೋಡೋಕಾದ್ರೂ ಈ ಸಿನಿಮಾ ನೋಡಬೇಕು.

ಒಂದು ದೃಶ್ಯ ನನಗೆ ಮರೆಯೋಕಾಗಲ್ಲ. ಈಜಲು ಬಂದ ಅರ್ಬಕಲ್ ಅಳತೆಗೆ ಬಟ್ಟೆ ಸಿಗಲ್ಲ. ದಪ್ಪ ಹೆಂಗಸೊಬ್ಬಳ ಈಜುಡುಗೆ ಎಗರಿಸುತ್ತಾನೆ. ಬಟ್ಟೆ ಬದಲಿಸುವಾಗ ನೇರ ಕ್ಯಾಮೆರಾ ನೋಡಿ, ಸ್ವಲ್ಪ ಮೇಲೆ ನೋಡಪ್ಪಾ ಅಂತ ಕೈಸನ್ನೆ ಮಾಡುತ್ತಾನೆ. ಕ್ಯಾಮೆರಾ ವಿಧೇಯವಾಗಿ ಮೇಲೆ ಹೋಗುತ್ತೆ. ಥಿಯೇಟರ್ ಪೂರ್ತಿ ನಗು.

ನಾಲ್ಕೇ ವರ್ಷ. 1921ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಪಾರ್ಟಿ. ಅಲ್ಲಿ ಅಸ್ವಸ್ಥಳಾದ ಯುವ ನಟಿ ವರ್ಜೀನಿಯಾ ರಾಪ್ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಅರ್ಬಕಲ್ ಜೈಲು ಪಾಲಾದ. ಹರ್ಸ್ಟ್ ಒಡೆತನದ ಪತ್ರಿಕೆಗಳು ದಿನಾ ಮುಖಪುಟದಲ್ಲಿ ಅವನನ್ನು ಹರಿದು ಹಾಕಿದವು. ವಿಚಾರಣೆಗೂ ಮುಂಚೆಯೇ ಥಿಯೇಟರ್‌ಗಳಿಂದ ಅವನ ಸಿನಿಮಾ ಎತ್ತಂಗಡಿ. ಸತ್ತ ಹೆಣ್ಣುಮಗಳನ್ನೂ ಬಿಡಲಿಲ್ಲ, ಅವಳ ನಡತೆಯೂ ಬೀದಿಗೆ ಬಂತು.

ಎರಡು ವಿಚಾರಣೆಗಳಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಮೂರನೆಯದರಲ್ಲಿ, 1922ರ ಏಪ್ರಿಲ್‌ನಲ್ಲಿ, ಖುಲಾಸೆ. ಬರೀ ಖುಲಾಸೆ ಸಾಲದು, ಇವನಿಗೆ ದೊಡ್ಡ ಅನ್ಯಾಯ ಆಗಿದೆ ಅಂತ ಜ್ಯೂರಿ ಲಿಖಿತವಾಗಿ ಹೇಳಿತು! ಆರೇ ದಿನಕ್ಕೆ ಚಿತ್ರೋದ್ಯಮದ ಮುಖ್ಯಸ್ಥ ವಿಲ್ ಹೇಸ್ ಅವನ ಸಿನಿಮಾಗಳಿಗೆ ನಿಷೇಧ ಹೇರಿದ. ಆ ವರ್ಷದ ಕೊನೆಗೆ ನಿಷೇಧ ತೆಗೆದರೂ ಹೋದ ಮಾನ ವಾಪಸ್ ಬರಲಿಲ್ಲ. ಬೇರೆ ಹೆಸರಿಟ್ಟುಕೊಂಡು ನಿರ್ದೇಶನ ಮಾಡಿಕೊಂಡಿದ್ದ. 1933ರಲ್ಲಿ, 46ನೇ ವಯಸ್ಸಿಗೆ ತೀರಿಕೊಂಡ. ಕೈಬಿಡದೆ ಜೊತೆಗೆ ನಿಂತ ಕೆಲವರಲ್ಲಿ ಕೀಟನ್ ಒಬ್ಬ.

ನಾನೂ ಇದೇ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟವನೇ. ಬಂಧನದ ಸುದ್ದಿಗೆ ಒಂದು ಗಂಟೆ ಕೊಟ್ಟು, ಖುಲಾಸೆಯ ಸುದ್ದಿಯನ್ನು ಕೆಳಗಿನ ಪಟ್ಟಿಯಲ್ಲಿ ಓಡಿಸಿದ ದಿನಗಳೂ ಇವೆ. ಆಗೆಲ್ಲಾ ನಮ್ಮ ಕ್ಯಾಮೆರಾ ಮೇಲೆ ನೋಡಲಿಲ್ಲ.

ಲೂನಾ ಪಾರ್ಕ್ 1944ರಲ್ಲಿ ಬೆಂಕಿಗೆ ಬಿತ್ತು. ಸಿನಿಮಾ ಉಳಿದಿದೆ, ಅರ್ಧ ಗಂಟೆಯೂ ಇಲ್ಲ. ರಾತ್ರಿ ಮಕ್ಕಳ ಜೊತೆ ಕೂತು ನೋಡಿ. ನಾಳೆ ಸಿಗ್ತೀನಿ.